ಥೇಮ್ಸ್ ದಂಡೆಯಲ್ಲಿ ನೆನಪಾದ ಕೃಷ್ಣೆ



ಕಳೆದ ವರ್ಷ ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದೆ. ಜಮಖಂಡಿ ಬಿಡುವಾಗಲೇ ಮನಸ್ಸಿನಲ್ಲಿ ಒಂದು ಆಸೆಯಿತ್ತು: ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆಗೆ ಶರಣೆನ್ನಬೇಕು. ಲ್ಯಾಂಬೆತ್ ಭಾಗದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿರುವ ಈ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ಬ್ರಿಟಿಷ್ ಪಾರ್ಲಿಮೆಂಟ್ ಅಲ್ಲಿಂದ ದೂರವಿಲ್ಲ. ಅನುಭವ ಮಂಟಪ ಕಟ್ಟಿದವರಿಗೆ ತಕ್ಕ ಜಾಗ.

ಕೈಮುಗಿದ ಮೇಲೆ ಎಂಜಿನಿಯರನ ಕಣ್ಣು ಸುಮ್ಮನಿರಲಿಲ್ಲ. ನಾನು ನಿಂತಿದ್ದ ಆ ದಂಡೆಯ ಗೋಡೆ 1860ರ ದಶಕದಲ್ಲಿ ಜೋಸೆಫ್ ಬ್ಯಾಝಲ್‌ಗೆಟ್ ಎಂಬ ಎಂಜಿನಿಯರ್ ಕಟ್ಟಿಸಿದ್ದು. 1858ರ ಬೇಸಿಗೆಯಲ್ಲಿ ಥೇಮ್ಸ್ ಕೊಳೆತು ನಾರಿ, ಪಾರ್ಲಿಮೆಂಟಿನಲ್ಲಿ ಕೂಡುವುದೇ ಕಷ್ಟವಾಗಿತ್ತು. ಊರಿನ ಹೊಲಸು ನೀರನ್ನು ನಗರದಾಚೆ ಒಯ್ಯುವ ದೊಡ್ಡ ಚರಂಡಿಗಳ ಜಾಲವನ್ನು ರೂಪಿಸಿದವನೂ ಅವನೇ. ಮೊಮ್ಮಗನಿಗೆ ಇದನ್ನೆಲ್ಲ ಹುರುಪಿನಿಂದ ಹೇಳುತ್ತಿದ್ದೆ. ಅವನು ಕೇಳಿದ: "ಅಜ್ಜಾ, ನಿಮ್ಮೂರಾಗ ಇಂಥಾದು ಏನೈತಿ?"

ನನಗೆ ಚಿಕ್ಕಪಡಸಲಗಿ ನೆನಪಾಯಿತು. ಜೊತೆಗೆ ನಾಚಿಕೆಯೂ ಆಯಿತು.

ಜಮಖಂಡಿ ತಾಲೂಕಿನ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಕೂಡಿಸಿ, ತಾವೇ ದುಡಿದು, 1989ರಲ್ಲಿ ಅಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. ಆಗ ನಾನು ನೌಕರಿಗೆ ಸೇರಿ ಕೆಲವೇ ವರ್ಷ. ನನ್ನ ಸೋದರಮಾವ ಅಲ್ಲಿ ದಿನವಿಡೀ ಕಲ್ಲು ಹೊತ್ತು ಬಂದು ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. "ಮಾವಾ, ಸರ್ಕಾರದ ಕೈಲೆ ಆಗದ್ದು ನಿಮ್ಮ ಕೈಲೆ ಆಗತೈತೇನು? ಒಂದು ಮಳಿಗಾಲ ತಡಿಯೂದಿಲ್ಲ ಅದು" ಅಂದೆ. ಅವರು ಸಿಟ್ಟಾಗಲಿಲ್ಲ. "ನೀ ಓದಿದಾಂವ ತಮ್ಮಾ. ಆದ್ರ ನೀರಡಿಕಿ ಆಗಿದ್ದು ನಮಗ" ಎಂದರು.

ಬ್ಯಾರೇಜ್ ನಿಂತಿತು. ಮಾವ ಹೋಗಿಬಿಟ್ಟರು. ತಪ್ಪಾಯಿತೆಂದು ಅವರಿಗೆ ನಾನು ಹೇಳಲೇ ಇಲ್ಲ.

ಸರ್ಕಾರ ಬೇಡವೆಂಬ ವಾದ ನನ್ನದಲ್ಲ. ಬದುಕಿಡೀ ಅದರ ಅನ್ನ ಉಂಡವನು ನಾನು. ಆದರೆ ಪದವಿಯ ಕಾಗದ ನನ್ನ ಕಣ್ಣಿಗೆ ಅಡ್ಡ ಬಂದಿತ್ತು. ಕಾಯಕ, ದಾಸೋಹ ಎಂದು ವೇದಿಕೆಗಳಲ್ಲಿ ಕೇಳಿ ತಲೆದೂಗುತ್ತಿದ್ದ ನನಗೆ, ಅವೆರಡೂ ಕೂಡಿ ಹೊಳೆಯೊಳಗೆ ಕಲ್ಲಾಗಿ ನಿಂತಾಗ ಗುರುತೇ ಹತ್ತಲಿಲ್ಲ. ಅದಕ್ಕೆ ಸಮುದ್ರ ದಾಟಬೇಕಾಯಿತು. ಪರದೇಶ ಪ್ರವಾಸ ಮಾಡಬೇಕು, ನಿಜ. ಆದರೆ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಂಡು ಬಂದರೆ ಅರ್ಧ ಪ್ರವಾಸವಷ್ಟೇ. ಅಲ್ಲಿ ತೆರೆದ ಕಣ್ಣಿನಿಂದ ನಮ್ಮೂರನ್ನು ನೋಡಿದಾಗಲೇ ಅದು ಪೂರ್ತಿಯಾಗುತ್ತದೆ.

ಆದ್ದರಿಂದ ನಮ್ಮ ಮಠಗಳಲ್ಲಿ ಒಂದು ಅರಿಕೆ. ಬಸವ ಜಯಂತಿಯ ದಿನಗಳಲ್ಲಿ ಮಕ್ಕಳನ್ನು ಕೂಡಲಸಂಗಮಕ್ಕೆ ಕರೆದೊಯ್ಯುವಂತೆ ಚಿಕ್ಕಪಡಸಲಗಿಗೂ ಕರೆದೊಯ್ಯಿರಿ. ಮುಧೋಳದ ಕಬ್ಬಿನ ಹೊಲದ ಹುಡುಗ, ರಬಕವಿ-ಬನಹಟ್ಟಿಯ ನೇಕಾರರ ಮನೆಯ ಹುಡುಗಿ, ಆಲಮಟ್ಟಿ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟ ಬೀಳಗಿಯ ಮನೆತನದ ಮಗು, ಎಲ್ಲರೂ ಒಟ್ಟಿಗೆ ನಿಂತು ಅದನ್ನು ನೋಡಲಿ. ಅಲ್ಲಿ ಕಲ್ಲು ಹೊತ್ತವರು ಈಗ ಮುಪ್ಪಾಗಿದ್ದಾರೆ. ಅವರನ್ನು ಕುರ್ಚಿ ಹಾಕಿ ಕೂರಿಸಿ, ಮಾತಾಡಿಸಿ, ಅವರ ಮಾತು ಬರೆದಿಟ್ಟುಕೊಳ್ಳಿರಿ. ತಡ ಮಾಡಿದರೆ ನನಗಾದಂತೆಯೇ ನಿಮಗೂ ಆದೀತು.

ಬೇಸಿಗೆ ರಜೆಗೆ ಮೊಮ್ಮಗ ಬರುತ್ತಾನೆ. ಅವನ ಪ್ರಶ್ನೆಗೆ ಉತ್ತರವನ್ನು ಆ ದಂಡೆಯ ಮೇಲೆ ನಿಂತೇ ಹೇಳಬೇಕೆಂದಿದ್ದೇನೆ.