ಇನ್ಯಾಕಮ್ಮ ನಿಮಗೆ ಅದೆಲ್ಲ?

ಕಳೆದ ವಾರ ನನ್ನ ಓರಗಿತ್ತಿ ಫೋನ್ ಮಾಡಿದ್ದಳು. ಅವಳಿಗೀಗ 42. ಎರಡು ವರ್ಷದಿಂದ ತಿಂಗಳು ತಿಂಗಳು ವಿಪರೀತ ರಕ್ತಸ್ರಾವ, ಸ್ಕ್ಯಾನಿನಲ್ಲಿ ಫೈಬ್ರಾಯ್ಡ್ ಇದೆ. "ಅಕ್ಕಾ, ಆಪರೇಷನ್ ಮಾಡಿಸಿಬಿಡಿ ಅಂದ್ರು. ಗರ್ಭಕೋಶದ ಜೊತೆ ಅಂಡಾಶಯನೂ ತೆಗೆದುಬಿಡ್ತಾರಂತೆ, ಒಂದೇ ಸಲಕ್ಕೆ ಎಲ್ಲಾ ಕ್ಲೀನ್ ಆಗುತ್ತಂತೆ" ಅಂದಳು.

ಕ್ಲೀನ್!

"ತೆಗೆದ ಮೇಲೆ ಏನಾಗುತ್ತೆ ಅಂತ ಹೇಳಿದ್ರಾ?" ಅಂದೆ.

"ಮುಟ್ಟಿನ ಕಾಟ ಇರಲ್ಲ ಅಂದ್ರು."

"ಮತ್ತೆ?"

"ಮತ್ತೇನು ಅಕ್ಕಾ?"

ಆ "ಮತ್ತೇನು" ಅನ್ನೋದಕ್ಕೆ ಉತ್ತರ ಬರೆಯೋಣ ಅಂತಲೇ ಇವತ್ತು ಕೂತಿದ್ದೇನೆ. ಮುಜುಗರ ಆಗುವವರು ಇಲ್ಲಿಗೇ ನಿಲ್ಲಿಸಿಬಿಡಿ, ನನಗೇನೂ ಬೇಜಾರಿಲ್ಲ. ಆದರೆ ನಿಮ್ಮ ಮನೆಯಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಇದ್ದರೆ ದಯವಿಟ್ಟು ಓದಿ.

2017ರಲ್ಲಿ ನನಗೂ ಇದೇ ಆಪರೇಷನ್ ಆಯಿತು. ಆಗ ನನಗೆ 41. ಎರಡು ಮಕ್ಕಳು. "ಇನ್ನು ಈ ಚೀಲ ಇಟ್ಟುಕೊಂಡು ಏನು ಮಾಡ್ತೀರಮ್ಮ? ಅಂಡಾಶಯನೂ ತೆಗೆದುಬಿಡೋಣ, ಮುಂದೆ ಕ್ಯಾನ್ಸರ್ ಭಯ ಇರಲ್ಲ" ಅಂದರು ಡಾಕ್ಟರ್. ನಾನೂ ನನ್ನ ಗಂಡನೂ ತಲೆ ಆಡಿಸಿದೆವು. ಅವರು ಕೊಟ್ಟ ಕಾಗದಕ್ಕೆ ಸಹಿ ಹಾಕಿದೆವು. ಮನೆಯಲ್ಲಿ ಯಾರಿಗೂ ಕ್ಯಾನ್ಸರ್ ಇರಲಿಲ್ಲ, ನನ್ನ ಅಂಡಾಶಯಕ್ಕೆ ಯಾವ ರೋಗವೂ ಇರಲಿಲ್ಲ. ಹಾಗಾದರೆ ಯಾಕೆ ತೆಗೀಬೇಕು ಅಂತ ಕೇಳಬೇಕು ಅನ್ನೋದೂ ನಮಗೆ ಗೊತ್ತಿರಲಿಲ್ಲ.

ಮೂರನೇ ದಿನ ರಾತ್ರಿ ಮೈಯೆಲ್ಲ ಬೆಂಕಿ. ಬೆವರಿಗೆ ದಿಂಬು ಒದ್ದೆ. ಆಮೇಲೆ ನಿದ್ದೆ ಹೋಯಿತು. ಇವನ್ನೆಲ್ಲ ಯಾರ ಹತ್ತಿರ ಬೇಕಾದರೂ ಹೇಳಿಕೊಳ್ಳಬಹುದಿತ್ತು, ಹೇಳಿಕೊಂಡೆ ಕೂಡ. ಹೇಳಲಾಗದೇ ಉಳಿದಿದ್ದು ಇನ್ನೊಂದು. ನನ್ನ ಆಸೆ ಹೊರಟುಹೋಗಿತ್ತು. ಕಡಿಮೆ ಆಗಿದ್ದಲ್ಲ ಮಾರಾಯ್ರೇ, ಪೂರ್ತಿ ಹೋಗಿತ್ತು. ಜೋರು ನೆಗಡಿ ಬಂದಾಗ ಮಲ್ಲಿಗೆ ಮೂಗಿಗೆ ಹಿಡಿದರೂ ವಾಸನೆ ಗೊತ್ತಾಗಲ್ಲ ನೋಡಿ, ಹಾಗೆ. ಗಂಡ ಅದೇ ಗಂಡ, ಪ್ರೀತಿ ಅದೇ ಪ್ರೀತಿ, ಆದರೆ ಒಳಗೆ ಏನೂ ಅಲ್ಲಾಡುತ್ತಿರಲಿಲ್ಲ. ಅದರ ಮೇಲೆ ಒಣಗಿ ನೋವು ಬೇರೆ. ಅವರು ತಮ್ಮದೇ ಏನೋ ತಪ್ಪು ಅಂದುಕೊಂಡರು. ನಾನು ನನ್ನದೇ ತಪ್ಪು ಅಂದುಕೊಂಡೆ. ಒಂದೇ ಮಂಚದಲ್ಲಿ ಇಬ್ಬರೂ ಗೋಡೆ ಕಡೆ ತಿರುಗಿ ಎರಡು ವರ್ಷ ಮಲಗಿದೆವು.

ಕೊನೆಗೆ ಧೈರ್ಯ ಮಾಡಿ ಅದೇ ಡಾಕ್ಟರ ಹತ್ತಿರ ಹೋಗಿ, ಬಾಗಿಲು ಹಾಕಿದೆಯಾ ಅಂತ ನೋಡಿಕೊಂಡು, ಮೆಲ್ಲಗೆ ಹೇಳಿದೆ. ಅವರು ನಕ್ಕರು. "ಮಕ್ಕಳು ದೊಡ್ಡವರಾದರಲ್ಲ, ಇನ್ಯಾಕಮ್ಮ ನಿಮಗೆ ಅದೆಲ್ಲ? ದೇವರು, ದೇವಸ್ಥಾನ ಅಂತ ಮನಸ್ಸು ಆ ಕಡೆ ಹಾಕಿ" ಅಂದರು.

ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ನಿಂತೆ. ಎದುರಿನ ಗೋಡೆ ತುಂಬ ಪೋಸ್ಟರು. ಪುರುಷರ ಗುಪ್ತ ಸಮಸ್ಯೆ, ನರ ದೌರ್ಬಲ್ಯ, ಒಂದೇ ತಿಂಗಳಲ್ಲಿ ಪರಿಹಾರ... ಎಪ್ಪತ್ತರ ಅಜ್ಜನಿಗೂ ಅಲ್ಲಿ ಭರವಸೆ ಇದೆ. ಅವರಲ್ಲಿ ಮುಕ್ಕಾಲು ಪಾಲು ಮೋಸಗಾರರೇ ಇರಬಹುದು, ಆದರೆ ಗಂಡಸಿಗೆ ಆಸೆ ಇರಬೇಕು, ಹೋದರೆ ಅದೊಂದು ನಷ್ಟ ಅಂತ ಆ ಮೋಸಗಾರರಾದರೂ ಒಪ್ಪಿಕೊಂಡಿದ್ದಾರೆ! ನನಗೆ ಓದಿದ ಡಾಕ್ಟರ್ ಹೇಳಿದ್ದು ದೇವಸ್ಥಾನಕ್ಕೆ ಹೋಗಿ ಅಂತ.

ನನ್ನ ಸಿಟ್ಟು ಇರುವುದು ಇಲ್ಲಿ. ಅಂಡಾಶಯ ಅಂದರೆ ಮಕ್ಕಳಾದ ಮೇಲೆ ಮೂಲೆಗೆ ಎಸೆಯುವ ಚೀಲ ಅಲ್ಲ, ಅದೊಂದು ಗ್ರಂಥಿ. ಈಸ್ಟ್ರೋಜನ್ ಬರುವುದು ಮುಖ್ಯವಾಗಿ ಅಲ್ಲಿಂದ. ಅಷ್ಟೇ ಅಲ್ಲ, ಗಂಡಸರ ಹಾರ್ಮೋನು ಅಂತ ನಾವು ಶಾಲೆಯಲ್ಲಿ ಓದಿದ ಟೆಸ್ಟೋಸ್ಟೆರಾನ್ ಹೆಂಗಸರ ಮೈಯಲ್ಲೂ ಇರುತ್ತೆ. ಅದರ ಹೆಚ್ಚುಕಡಿಮೆ ಅರ್ಧ ಪಾಲು ಅಂಡಾಶಯದ್ದು, ಉಳಿದಿದ್ದರಲ್ಲಿ ಬಹುಪಾಲು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಕಡೆಯಿಂದ. ಆಸೆಗೂ ಇದಕ್ಕೂ ನಂಟಿದೆ. ವಯಸ್ಸಾಗಿ ಮುಟ್ಟು ತಾನಾಗಿ ನಿಲ್ಲುವಾಗ ಈಸ್ಟ್ರೋಜನ್ ಕೆಲವು ವರ್ಷಗಳಲ್ಲಿ ಇಳಿಯುತ್ತೆ, ಟೆಸ್ಟೋಸ್ಟೆರಾನ್ ದಿಢೀರನೆ ಬೀಳುವುದಿಲ್ಲ, ಅಂಡಾಶಯ ಆಮೇಲೂ ಸ್ವಲ್ಪ ಕೊಡ್ತಾ ಇರುತ್ತೆ. ಆಪರೇಷನ್ನಿನಲ್ಲಿ ಎರಡೂ ಅಂಡಾಶಯ ಕತ್ತರಿಸಿದರೆ ಬೆಳಗ್ಗೆ ಇದ್ದದ್ದು ಸಂಜೆಗಿಲ್ಲ. ಮೆಟ್ಟಿಲು ಇಳಿಯುವುದಕ್ಕೂ ಮಹಡಿಯಿಂದ ಬೀಳುವುದಕ್ಕೂ ಇರುವ ವ್ಯತ್ಯಾಸ ಇದು.

"ನಿಮಗೆ ಎರಡು ಮಕ್ಕಳಾಯಿತಲ್ಲ ಸ್ವಾಮಿ, ಇನ್ನು ವೃಷಣ ಯಾಕೆ, ತೆಗೆದುಬಿಡೋಣ, ಮುಂದೆ ಕ್ಯಾನ್ಸರ್ ಭಯ ಇರಲ್ಲ" ಅಂತ ಯಾವನಾದರೂ ಒಬ್ಬ ಗಂಡಸಿಗೆ ಹೇಳಿ ನೋಡಿ! ಪ್ರಾಸ್ಟೇಟ್ ಕ್ಯಾನ್ಸರಿಗೆ ಟೆಸ್ಟೋಸ್ಟೆರಾನ್ ತಗ್ಗಿಸುವ ಚಿಕಿತ್ಸೆ ಕೊಡುವಾಗ ಆಸಕ್ತಿ ಕುಗ್ಗುತ್ತೆ ಅನ್ನುವುದನ್ನು ಗಂಡಸರಿಗೆ ಮೊದಲೇ ತಿಳಿಸಬೇಕು ಅನ್ನುತ್ತೆ ವೈದ್ಯಕೀಯ. ಅದೇ ಮರ್ಯಾದೆ ನಮಗೆ ಯಾಕಿಲ್ಲ?

ಇದು ನನ್ನೊಬ್ಬಳ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಗರ್ಭಕೋಶ ತೆಗೆದಾಗಿದೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ. ನಮ್ಮ ಕಲಬುರಗಿ ಕಡೆಯ ಲಂಬಾಣಿ, ದಲಿತ ಹೆಂಗಸರ ಗರ್ಭಕೋಶಗಳನ್ನು ಬೇಡದಿದ್ದರೂ ತೆಗೆದರು ಅನ್ನುವ ಆರೋಪ 2015ರ ಸುಮಾರಿಗೆ ದೊಡ್ಡ ಸುದ್ದಿಯಾಗಿ ತನಿಖೆಯೂ ನಡೆಯಿತು. ಬಿಹಾರ, ಛತ್ತೀಸಗಡ, ರಾಜಸ್ಥಾನಗಳಲ್ಲಿ ನಡೆದ ಇಂಥದ್ದೇ ಕಥೆ ಸುಪ್ರೀಂ ಕೋರ್ಟಿಗೆ ಹೋಗಿ, 2023ರ ಏಪ್ರಿಲ್‌ನಲ್ಲಿ ಕೋರ್ಟು, ಅನವಶ್ಯಕ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ಇಷ್ಟೆಲ್ಲ ಚರ್ಚೆಯಲ್ಲಿ ಹಣದ ಮಾತು ಬಂತು, ವಿಮೆಯ ಮಾತು ಬಂತು, ಮೋಸದ ಮಾತು ಬಂತು. ಆ ಹೆಂಗಸರ ಹಾಸಿಗೆ, ಆಸೆ, ಸಂಸಾರ ಏನಾಯಿತು ಅಂತ ಕೇಳಿದವರನ್ನು ನಾನಂತೂ ಕಾಣಲಿಲ್ಲ.

2020ರಲ್ಲಿ ಬೇರೆ ಊರಿನ ಹಾರ್ಮೋನು ತಜ್ಞರೊಬ್ಬರು ಸಿಕ್ಕರು. ನಗಲಿಲ್ಲ. ಅರ್ಧ ಗಂಟೆ ಪ್ರಶ್ನೆ ಕೇಳಿದರು. ಥೈರಾಯ್ಡ್, ಪ್ರೊಲಾಕ್ಟಿನ್, ಸಕ್ಕರೆ, ರಕ್ತ ಎಲ್ಲಾ ನೋಡಿಸಿದರು, ಏಕೆಂದರೆ ಅವೂ ಆಸೆ ಕುಗ್ಗಿಸುತ್ತವೆ. ಖಿನ್ನತೆಗೆ ಮಾತ್ರೆ ತಗೋತೀರಾ ಅಂತಲೂ ವಿಚಾರಿಸಿದರು, ಆ ಜಾತಿಯ ಹಲವು ಮಾತ್ರೆಗಳೂ ಇದೇ ತೊಂದರೆ ಕೊಡುತ್ತವಂತೆ. ಗಂಡನ ಜೊತೆ ಹೇಗಿದೀರಿ ಅಂತಲೂ ಕೇಳಿದರು. ಆಮೇಲೆ ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್ ಕೊಟ್ಟರು, ಒಣಗಿದ್ದಕ್ಕೆ ಒಳಗೆ ಹಚ್ಚುವ ಕ್ರೀಮು ಬೇರೆ. ನುಂಗುವ ಈಸ್ಟ್ರೋಜನ್ ಮಾತ್ರೆ ರಕ್ತದಲ್ಲಿ ಉಳಿದಿರುವ ಅಷ್ಟಿಷ್ಟು ಟೆಸ್ಟೋಸ್ಟೆರಾನನ್ನೂ ಕಟ್ಟಿಹಾಕುತ್ತೆ, ಅದಕ್ಕೇ ಜೆಲ್ ಅಂದರು. ಅಂಡಾಶಯ ನಲವತ್ತೈದರ ಒಳಗೆ ಹೋದರೆ, ಸ್ತನ ಕ್ಯಾನ್ಸರಿನಂಥ ಅಡ್ಡಿ ಏನೂ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕವಾದರೂ ಹಾರ್ಮೋನು ಕೊಡಬೇಕು ಅನ್ನುವುದು ಎಲ್ಲೆಡೆ ಒಪ್ಪಿದ ಮಾತಂತೆ. ಆಸೆಗಷ್ಟೇ ಅಲ್ಲ, ಮೂಳೆಗೆ, ಹೃದಯಕ್ಕೆ ಕೂಡ. ನನಗೆ ಮೂರು ವರ್ಷ ಯಾರೂ ಇದನ್ನು ಹೇಳಿರಲಿಲ್ಲ.

ಆರು ತಿಂಗಳಲ್ಲಿ ನಿದ್ದೆ ಬಂತು, ನೋವು ಹೋಯಿತು. ಆಸೆ ಮಾತ್ರ ಅರ್ಧ ದಾರಿಯಲ್ಲೇ ನಿಂತಿತ್ತು. ಆಗ ಗಂಡಸರಿಗಿರುವ ಟೆಸ್ಟೋಸ್ಟೆರಾನ್ ಜೆಲ್ಲನ್ನೇ ಅವರ ಡೋಸಿನ ಸುಮಾರು ಹತ್ತನೇ ಒಂದು ಭಾಗ ಹಚ್ಚಲು ಕೊಟ್ಟರು. "ಗಂಡಸರದ್ದನ್ನೇ ಯಾಕೆ?" ಅಂದೆ. "ಹೆಂಗಸರಿಗೆ ಅಂತ ಮಾಡಿದ್ದು ನಮ್ಮ ಅಂಗಡಿಗಳಲ್ಲಿ ಸಿಗಲ್ಲಮ್ಮ" ಅಂದರು. ಎಂಥಾ ಮಾತು ನೋಡಿ! ವಯಾಗ್ರ 1998ರಲ್ಲೇ ಬಂತು. ನನ್ನಂತೆ ಗರ್ಭಕೋಶ, ಅಂಡಾಶಯ ಎರಡೂ ಕಳೆದುಕೊಂಡವರಿಗೆಂದೇ ಟೆಸ್ಟೋಸ್ಟೆರಾನ್ ಪಟ್ಟಿಯೊಂದಕ್ಕೆ 2006ರಲ್ಲಿ ಯೂರೋಪಿನಲ್ಲಿ ಒಪ್ಪಿಗೆ ಸಿಕ್ಕಿತ್ತು. 2012ರಲ್ಲಿ ಅದನ್ನೂ ಮಾರುಕಟ್ಟೆಯಿಂದ ವಾಪಸ್ ತೆಗೆದರು. ಆಸ್ಟ್ರೇಲಿಯಾ 2020ರಲ್ಲಿ ಹೆಂಗಸರಿಗೆಂದೇ ಒಂದು ಕ್ರೀಮಿಗೆ ಒಪ್ಪಿಗೆ ಕೊಟ್ಟಿದೆ. ನಾವಿನ್ನೂ ಗಂಡಸರ ಟ್ಯೂಬಿನಿಂದ ಬಟಾಣಿ ಅಳತೆ ಹಿಂಡಿಕೊಳ್ಳುತ್ತಾ ಕೂತಿದ್ದೇವೆ.

ನನಗೆ ಗುಣವಾಯಿತಾ? ಆಯಿತು, ಆದರೆ ಜಾದೂ ಏನೂ ಆಗಲಿಲ್ಲ. ಇಪ್ಪತ್ತೈದರ ಹುಡುಗಿ ಆಗಲಿಲ್ಲ. ಪಲ್ಲಂಗದ ಮಧ್ಯದ ಗೋಡೆ ಬಿತ್ತು, ಅಷ್ಟು ಸಾಕು ನನಗೆ. 2019ರಲ್ಲಿ ಹಲವು ದೇಶಗಳ ವೈದ್ಯ ಸಂಘಗಳು ಸೇರಿ ಇದರ ಬಗ್ಗೆ ಒಮ್ಮತದ ಹೇಳಿಕೆ ಕೊಟ್ಟಿವೆ. ಮುಟ್ಟು ನಿಂತ ಹೆಂಗಸರಿಗೆ, ಆಸೆ ಹೋಗಿದೆ ಅನ್ನುವುದೇ ಸಂಕಟವಾಗಿದ್ದರೆ ಮಾತ್ರ ಟೆಸ್ಟೋಸ್ಟೆರಾನ್ ಕೊಡಬಹುದು. ಫಲ ಸಾಧಾರಣ, ಸರಾಸರಿಯಲ್ಲಿ ತಿಂಗಳಿಗೆ ಒಂದು ಸಲ ಹೆಚ್ಚು ತೃಪ್ತಿ. ಆರು ತಿಂಗಳಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಬೇಕು. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಕಡಿಮೆ ಇದೆ ಅಂತ ಚೀಟಿ ನೋಡಿ ಕೊಡುವುದಲ್ಲ, ಹೆಂಗಸಿನ ಮಾತು ಕೇಳಿ ಕೊಡುವುದು. ಡೋಸು ಜಾಸ್ತಿಯಾದರೆ ಮೊಡವೆ, ಮುಖದ ಮೇಲೆ ಕೂದಲು. ಅದಕ್ಕೇ ರಕ್ತಪರೀಕ್ಷೆ ಮಾಡಿಸುತ್ತಾ ಇರಬೇಕು. "ಯೌವನ ವಾಪಸ್" ಅಂತ ಇಂಜೆಕ್ಷನ್ನು, ಚರ್ಮದಡಿ ಗುಳಿಗೆ ಮಾರುವವರು ಕಂಡರೆ ದೂರದಿಂದಲೇ ಕೈ ಮುಗಿಯಿರಿ. ಅವರೂ ಗೋಡೆ ಪೋಸ್ಟರಿನವರ ಅಣ್ಣತಮ್ಮಂದಿರೇ, ಏಸಿ ರೂಮು ಅಷ್ಟೇ ವ್ಯತ್ಯಾಸ.

"ಹಾರ್ಮೋನು ಕೊಟ್ಟರೆ ಕ್ಯಾನ್ಸರ್ ಬರುತ್ತೆ" ಅನ್ನುವವರು ಇನ್ನೊಂದು ಕಡೆ. ಈ ಹೆದರಿಕೆ ಹುಟ್ಟಿದ್ದು 2002ರಲ್ಲಿ, ಅಮೆರಿಕದ ಒಂದು ದೊಡ್ಡ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದಾಗ. ಅದರಲ್ಲಿದ್ದವರ ಸರಾಸರಿ ವಯಸ್ಸು 63, ಕೊಟ್ಟಿದ್ದು ಎರಡು ಹಾರ್ಮೋನು ಸೇರಿಸಿದ ಮಾತ್ರೆ, ಸ್ತನ ಕ್ಯಾನ್ಸರ್ ಹೆಚ್ಚಿದ್ದು ವರ್ಷಕ್ಕೆ ಹತ್ತು ಸಾವಿರ ಹೆಂಗಸರಲ್ಲಿ ಎಂಟು ಮಂದಿಗೆ. ಅದೇ ಪ್ರಯೋಗದಲ್ಲಿ ಗರ್ಭಕೋಶ ಇಲ್ಲದವರಿಗೆ ಬರೀ ಈಸ್ಟ್ರೋಜನ್ ಕೊಟ್ಟಿದ್ದರು. ಅವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ, ಪಾರ್ಶ್ವವಾಯು ಸ್ವಲ್ಪ ಹೆಚ್ಚಿತು. ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 63ರವರ ಲೆಕ್ಕ ತೋರಿಸಿ 41ರವಳನ್ನು ಹೆದರಿಸಬೇಡಿ ಅನ್ನುತ್ತಿದ್ದೇನೆ. ಅಷ್ಟಕ್ಕೂ ಕ್ಯಾನ್ಸರ್ ಬರುತ್ತೆ ಅಂತ ಒಳ್ಳೇ ಅಂಡಾಶಯ ತೆಗೆದವರೇ ಕ್ಯಾನ್ಸರ್ ಬರುತ್ತೆ ಅಂತ ಹಾರ್ಮೋನನ್ನೂ ಕೊಡದಿದ್ದರೆ ನಾವು ಎಲ್ಲಿಗೆ ಹೋಗಬೇಕು?

ಅಂಡಾಶಯ ತೆಗೆಯಲೇಬೇಕಾದ ಸಂದರ್ಭ ಇದೆ. ಮನೆತನದಲ್ಲಿ ಸ್ತನದ್ದೋ ಅಂಡಾಶಯದ್ದೋ ಕ್ಯಾನ್ಸರ್ ತರುವ ಜೀನ್ ಇದ್ದವರಿಗೆ ಅದು ಜೀವ ಉಳಿಸುತ್ತೆ. ಅಂಥವರು ಧಾರಾಳವಾಗಿ ತೆಗೆಸಿಕೊಳ್ಳಲಿ. ಆದರೆ ಅವರಿಗೂ ಹೇಳಿ ತೆಗೆಯಿರಿ.

ಓರಗಿತ್ತಿಗೆ ನಾನು ಮೂರು ಪ್ರಶ್ನೆ ಬರೆದು ಕೊಟ್ಟೆ. ಒಂದು, ನನ್ನ ಅಂಡಾಶಯಕ್ಕೆ ಏನು ರೋಗ ಇದೆ? ಎರಡು, ತೆಗೆಯದೆ ಬಿಟ್ಟರೆ ಏನಾಗುತ್ತೆ, ಫೈಬ್ರಾಯ್ಡಿಗೆ ಬೇರೆ ದಾರಿ ಇಲ್ಲವಾ? ಮೂರು, ತೆಗೆದರೆ ಆ ಹಾರ್ಮೋನು ಯಾರು ಕೊಡುತ್ತಾರೆ, ಎಷ್ಟು ವರ್ಷ?

"ಇದೆಲ್ಲ ಕೇಳಿದರೆ ಡಾಕ್ಟರಿಗೆ ಸಿಟ್ಟು ಬರಲ್ವಾ ಅಕ್ಕಾ?" ಅಂದಳು.

"ಬಂದರೆ ಬರಲಿ. ಮೈ ಅವರದ್ದಾ, ನಿಂದಾ?"

ಮೊನ್ನೆ ಹೋಗಿದ್ದಳು. ಜೊತೆಗೆ ಮೈದುನನೂ ಹೋಗಿದ್ದ. ಚೀಟಿ ನೋಡಿ ಓದಿದಳಂತೆ. ಡಾಕ್ಟರ್ ಒಂದು ನಿಮಿಷ ಸುಮ್ಮನಿದ್ದು, ಸ್ಕ್ಯಾನನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿ, "ಅಂಡಾಶಯ ಚೆನ್ನಾಗೇ ಇದೆ, ಬಿಡೋಣ" ಅಂದರಂತೆ.

ಒಂದು ನಿಮಿಷ. ನನಗೆ ಯಾರೂ ಕೊಡದೇ ಹೋದದ್ದು ಅಷ್ಟೇ.