ಅರಿಶಿನದ ಹಾಲೂ ಸೀಸದ ವಿಷವೂ

ಅರಿಶಿನಕ್ಕೆ ನಮ್ಮ ಮನೆಗಳಲ್ಲಿ ಮೊದಲೇ ಮರ್ಯಾದೆ ಹೆಚ್ಚು. ಮದುವೆಗೂ ಬೇಕು, ಗಾಯಕ್ಕೂ ಬೇಕು, ಸಾರಿಗೂ ಬೇಕು. ಈಗ ಅದಕ್ಕೆ ಹೊಸದೊಂದು ಬಿರುದು ಸಿಕ್ಕಿದೆ. ಅರಿಶಿನದ ಕರ್ಕ್ಯುಮಿನ್, ಬೆಳ್ಳುಳ್ಳಿಯ ಗಂಧಕಯುಕ್ತ ಸತ್ವಗಳು ಸೀಸ, ಪಾದರಸಗಳಿಂದ ಮಿದುಳನ್ನೂ ನರಗಳನ್ನೂ ಕಾಪಾಡುತ್ತವಂತೆ. ಆದ್ದರಿಂದ ಮಕ್ಕಳಿಗೆ ರಾತ್ರಿ ಒಂದು ಲೋಟ ಅರಿಶಿನದ ಹಾಲು ಕುಡಿಸಿದರೆ ಸಾಕು, ಮಹಾನಗರದ ಧೂಳು ಏನೂ ಮಾಡದು ಎನ್ನುವವರು ನಮ್ಮ ಬಳಗದಲ್ಲೂ ಇದ್ದಾರೆ. ಈ ಮಾತನ್ನು ನಾವು ಒಪ್ಪಲಾರೆವು.

ಪ್ರಯೋಗಗಳು ಸುಳ್ಳೆಂದಲ್ಲ. ಸೀಸ ಉಣಿಸಿದ ಇಲಿಗಳಿಗೆ ಕರ್ಕ್ಯುಮಿನ್ ಕೊಟ್ಟಾಗ ಮಿದುಳಿಗಾಗುವ ಹಾನಿ ತಗ್ಗಿದ್ದು ನಿಜ. ಆದರೆ ಅವಕ್ಕೆ ಕೊಡುವುದು ಶುದ್ಧೀಕರಿಸಿದ ಸತ್ವ, ಅದೂ ಮೈತೂಕಕ್ಕೆ ಅಳೆದು. ನಮ್ಮ ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದೇ ನೂರಕ್ಕೆ ಮೂರರ ಆಸುಪಾಸು. ಅದರಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಸೀಸವಾದರೋ ಕ್ಯಾಲ್ಸಿಯಂ ವೇಷ ತೊಟ್ಟು ಮಿದುಳನ್ನು ಹೊಗುತ್ತದೆ, ಮೂಳೆಯಲ್ಲಿ ದಶಕಗಟ್ಟಲೆ ಬೀಡುಬಿಡುತ್ತದೆ. ಅಪಾಯವಿಲ್ಲವೆನ್ನಬಹುದಾದ ಪ್ರಮಾಣ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ರಾಗಿ, ಸೊಪ್ಪು ತಿಂದು ಕ್ಯಾಲ್ಸಿಯಂ, ಕಬ್ಬಿಣದ ಕೊರತೆ ನೀಗಿಸಿಕೊಂಡ ಮಗುವಿನ ಕರುಳು ಸೀಸವನ್ನು ಕಡಿಮೆ ಹೀರುತ್ತದೆ ಎಂಬಷ್ಟನ್ನು ನಾವು ಸಂತೋಷದಿಂದ ಒಪ್ಪುತ್ತೇವೆ.

ಇನ್ನು ಆ ಅರಿಶಿನವೇ ಸೀಸವನ್ನು ಹೊತ್ತು ತಂದರೆ? ಹಳದಿ ಹೊಳಪಿಗಾಗಿ ಲೆಡ್ ಕ್ರೋಮೇಟ್ ಎಂಬ ಬಣ್ಣ ಹಚ್ಚುವ ದಂಧೆಯಿದೆ. ನಮ್ಮ ಕಾನೂನಿನ ಮಿತಿ ಗ್ರಾಂ ಒಂದಕ್ಕೆ 10 ಮೈಕ್ರೋಗ್ರಾಂ; 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪಾಟ್ನಾದ ಮಾದರಿಗಳಲ್ಲಿ ಸಾವಿರವನ್ನೂ ಮೀರಿದ ಸೀಸ ಸಿಕ್ಕಿತು. ಕೊಂಬು ತಂದು ಮನೆಯಲ್ಲೇ ಕುಟ್ಟಿಕೊಂಡರಾಯಿತಲ್ಲ ಎನ್ನುತ್ತೀರಾ? ಬಣ್ಣ ಬಳಿಯುವುದು ಆ ಕೊಂಬಿಗೇ!

ಬಾಂಗ್ಲಾದೇಶದಲ್ಲಿ 2019ರಲ್ಲಿ ಪೇಟೆಯ ಅರಿಶಿನದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸವಿತ್ತು. ಸರ್ಕಾರ ಮಂಡಿಗೇ ಹೋಗಿ ಪರೀಕ್ಷಿಸಿತು, ದಂಡ ಹಾಕಿತು, ಜನರಿಗೆ ಸಾರಿ ಹೇಳಿತು. 2021ರ ಹೊತ್ತಿಗೆ ಅದು ಸೊನ್ನೆಗಿಳಿಯಿತು. ಅಲ್ಲಿ ಯಾರೂ ಬೆಳ್ಳುಳ್ಳಿ ತಿನ್ನಿರೆಂದು ಹೇಳಿ ಕೈತೊಳೆದುಕೊಳ್ಳಲಿಲ್ಲ. ನಮ್ಮಲ್ಲಿ ಪೆಟ್ರೋಲಿನ ಸೀಸ 2000ದಲ್ಲಿ ನಿಂತದ್ದೂ ಆಜ್ಞೆಯಿಂದ, ಕಷಾಯದಿಂದಲ್ಲ.

ನಮ್ಮ ಆಹಾರ ಇಲಾಖೆ ಮಂಡಿಗೆ ಹೋಗಲಿ ಎಂದು ಕೇಳುವುದು ನಮ್ಮ ಹಕ್ಕು. ಆದರೆ ನಾವಾದರೂ ಏನು ಮಾಡಿದ್ದೇವೆ? ಸಂಘದ ಆರೋಗ್ಯ ಶಿಬಿರಗಳಲ್ಲಿ ಹಿರಿಯರ ಸಕ್ಕರೆ ನೋಡುತ್ತೇವೆ, ರಕ್ತದೊತ್ತಡ ನೋಡುತ್ತೇವೆ. ಹಳೆಯ ಬ್ಯಾಟರಿ ಒಡೆಯುವ ಅಂಗಡಿಗಳ ಪಕ್ಕದ ಚಾಳುಗಳಲ್ಲಿ ಬೆಳೆಯುವ ನಮ್ಮವರ ಮಕ್ಕಳ ರಕ್ತದಲ್ಲಿ ಸೀಸವೆಷ್ಟಿದೆಯೆಂದು ಒಮ್ಮೆಯೂ ನೋಡಿಸಿಲ್ಲ.