ಒಂಟಿ ಗದ್ದೆ ಉಳಿಯದು

ನಮ್ಮ ಮನೆಯ ಜಗುಲಿಯ ಪಕ್ಕದಲ್ಲಿ ಅಜ್ಜನ ಕಾಲದ ಪಣತವೊಂದಿದೆ. ಹಲಸಿನ ಹಲಗೆಯದು. ಸುಗ್ಗಿಯಲ್ಲಿ ಅದು ತುಂಬಬೇಕು, ಮುಂದಿನ ಸುಗ್ಗಿಯವರೆಗೆ ಮನೆಯವರನ್ನು ಸಾಕಬೇಕು, ಅದಕ್ಕಾಗಿಯೇ ಮಾಡಿಸಿದ್ದು. ಇಂದು ಅದರೊಳಗೆ ಔಷಧಿ ಹೊಡೆಯುವ ಪೈಪಿನ ಸುರುಳಿ, ಮೈಲುತುತ್ತದ ಖಾಲಿ ಚೀಲ, ಅಡಿಕೆ ಒಣಗಿಸುವ ಹಳೆಯ ತಾರ್ಪಾಲುಗಳಿವೆ. ಅನ್ನದ ಅಕ್ಕಿ ಪೇಟೆಯಿಂದ 25 ಕಿಲೋ ಚೀಲದಲ್ಲಿ ಬರುತ್ತದೆ. ಅದು ಯಾವ ಊರಿನ ಗದ್ದೆಯದು, ಯಾವ ತಳಿಯದು, ಎಷ್ಟು ವಿಷ ಕುಡಿದದ್ದು ಎಂಬುದು ಅಂಗಡಿಯವನಿಗೂ ತಿಳಿಯದು. ಘಟ್ಟದ ಮೇಲಿನ ಬಹುಪಾಲು ಮನೆಗಳ ಸ್ಥಿತಿ ಇದೇ ಆಗಿರುವುದರಿಂದ, ಹೇಳಿಕೊಳ್ಳಲು ನಾಚಿಕೆಯೂ ಆಗುವುದಿಲ್ಲ.

ಆಹಾರ ಭದ್ರತೆ ಎಂಬ ಮಾತು ಸಭೆಗಳಲ್ಲಿ ಧಾರಾಳವಾಗಿ ಬಳಕೆಯಾಗುತ್ತಿದೆ. ಪಡಿತರ ಚೀಟಿಗೆ ಅಕ್ಕಿ ಸಿಕ್ಕರೆ ಭದ್ರತೆ ಬಂತು ಎಂಬುದು ಅದರ ಚಾಲ್ತಿಯ ಅರ್ಥ. ಪಡಿತರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. 2013ರಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾದ ಬಳಿಕ ಕೂಲಿಯಿಲ್ಲದ ಮಳೆಗಾಲದ ದಿನಗಳಲ್ಲಿ ಬಡವರ ಮನೆಯ ಒಲೆ ಆರದೆ ಉಳಿದದ್ದನ್ನು ನಾವೇ ಕಂಡಿದ್ದೇವೆ. ಆದರೆ 2023ರ ಜೂನ್‌ನಲ್ಲಿ ನಡೆದದ್ದನ್ನು ಮರೆಯಬಾರದು. ರಾಜ್ಯ ಸರ್ಕಾರ ತಲಾ 5 ಕಿಲೋ ಹೆಚ್ಚುವರಿ ಅಕ್ಕಿ ಕೊಡಲು ಹೊರಟಿತು. ಹಣವೂ ಅದರ ಬಳಿ ಇತ್ತು. ಅದೇ ವೇಳೆಗೆ ಕೇಂದ್ರವು ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಅಕ್ಕಿ ದೊರೆಯಲಿಲ್ಲ. ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕುವ ಏರ್ಪಾಡು 2025ರ ಆರಂಭದವರೆಗೂ ನಡೆಯಿತು. ಇಡೀ ರಾಜ್ಯವೇ ಹಣ ಹಿಡಿದುಕೊಂಡು ಅಕ್ಕಿಗಾಗಿ ಅಲೆದಾಗ, ಅಡಿಕೆ ಮಾರಿದ ದುಡ್ಡಿನಿಂದ ಅನ್ನವನ್ನು ಕೊಳ್ಳುತ್ತೇವೆಂಬ ನಮ್ಮ ಧೈರ್ಯಕ್ಕೆ ಯಾವ ಆಧಾರವಿದೆ?

ಗದ್ದೆ ಏಕೆ ಹೋಗುತ್ತದೆ ಎಂದು ಕೇಳಿದರೆ ಎಲ್ಲರೂ ಲೆಕ್ಕ ಹೇಳುತ್ತಾರೆ. ಲೆಕ್ಕ ಸುಳ್ಳಲ್ಲ. 2025-26ರ ಸಾಲಿಗೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಎಕರೆಗೆ 15 ಕ್ವಿಂಟಲ್ ಬಂತೆಂದೇ ಇಟ್ಟುಕೊಳ್ಳಿ; ಕೈಗೆ ಬರುವುದು 35,535 ರೂಪಾಯಿ, ಖರ್ಚು ಕಳೆಯುವ ಮೊದಲು. ಈಚಿನ ವರ್ಷಗಳಲ್ಲಿ ರಾಶಿ ಅಡಿಕೆ ಕ್ವಿಂಟಲಿಗೆ 40 ಸಾವಿರವನ್ನು ದಾಟಿದೆ. ಇದನ್ನು ನೋಡಿದ ಯಾವ ಗೃಹಸ್ಥನೂ ಭತ್ತದ ಕಡೆಗೆ ತಿರುಗುವುದಿಲ್ಲ. ಆದರೆ ಇದು ಅರ್ಧ ಕಾರಣ. ಉಳಿದರ್ಧವನ್ನು ಹೇಳಲು ನನ್ನ ಮನೆಯ ತಪ್ಪನ್ನೇ ಮುಂದಿಡಬೇಕಾಗಿದೆ.

ನಮ್ಮ ಬಯಲಿನಲ್ಲಿ ಹನ್ನೊಂದು ಮನೆಗಳ ಗದ್ದೆಗಳಿದ್ದವು. ಮೇಲಿನ ಮೆಟ್ಟಿಲು ನಮ್ಮದು. ಸುಮಾರು 15 ವರ್ಷಗಳ ಹಿಂದೆ ಅದರಲ್ಲಿ ಅಡಿಕೆ ಸಸಿ ನೆಟ್ಟೆವು. ಅಡಿಕೆಯ ಬುಡದಲ್ಲಿ ನೀರು ನಿಲ್ಲಬಾರದು. ಆಳವಾದ ಬಸಿಗಾಲುವೆ ತೆಗೆಸಿದೆವು. ಮೊದಲು ಗದ್ದೆಯಿಂದ ಗದ್ದೆಗೆ ಅಂಚು ದಾಟಿ ನಿಧಾನವಾಗಿ ಇಳಿಯುತ್ತಿದ್ದ ನೀರು ಈಗ ಕಾಲುವೆ ಹಿಡಿದು ನೇರ ಹಳ್ಳಕ್ಕೆ ಓಡತೊಡಗಿತು. ಎರಡನೆಯ ವರ್ಷವೇ ಕೆಳಗದ್ದೆಯ ಹಿರಿಯರೊಬ್ಬರು ಅಂಗಳಕ್ಕೆ ಬಂದು, “ಹೆಗಡೇರೆ, ನಿಮ್ಗೆ ತೋಟ ಬಂತು, ನಮ್ಮ ನೀರು ಹೋತು” ಎಂದರು. ಜಗಳದ ಧ್ವನಿಯಲ್ಲ, ಸುಮ್ಮನೆ ತಿಳಿಸಿ ಹೋದರು. ಸಸಿ ಮೇಲೆದ್ದಂತೆ ನೆರಳೂ ಬಿದ್ದಿತು. ಒಬ್ಬೊಬ್ಬರೇ ಭತ್ತವನ್ನು ಬಿಟ್ಟರು. ಕೊನೆಗೆ ಉಳಿದದ್ದು ಎರಡೇ ಮನೆಯ ನಾಟಿ. ಹನ್ನೊಂದು ಗದ್ದೆಗೆ ಹಂಚಿಹೋಗುತ್ತಿದ್ದ ಕಾಡುಹಂದಿ, ನವಿಲು, ಮಂಗಗಳೆಲ್ಲ ಆ ಎರಡರ ಮೇಲೆ ಬಿದ್ದವು. ಮುಯ್ಯಾಳಿಗೆ ಬರುವವರಿಲ್ಲ, ಬಂದವರ ಗದ್ದೆಗೆ ತಿರುಗಿ ಹೋಗೋಣವೆಂದರೆ ಅವರಿಗೆ ಗದ್ದೆಯೇ ಇಲ್ಲ. ಮೂರನೆಯ ವರ್ಷ ಅವರೂ ಸಸಿ ತಂದರು. ಅವರು ಬೆಲೆಗೆ ಸೋತು ಬಿಟ್ಟವರಲ್ಲ, ಒಂಟಿಯಾಗಿ ಬಿಟ್ಟವರು.

ಇದನ್ನೇ ನಾನು ಒತ್ತಿ ಹೇಳಬಯಸುವುದು. ಅಡಿಕೆಯನ್ನು ಒಬ್ಬನೇ ಬೆಳೆಯಬಹುದು. ಭತ್ತವನ್ನು ಬಯಲು ಬೆಳೆಯುತ್ತದೆ. ನೀರು, ಕಾವಲು, ಅಗೆ, ನಾಟಿ, ಕೊಯ್ಲು, ಯಾವುದೂ ಒಂದು ಮನೆಯ ಕೆಲಸವಾಗಿರಲಿಲ್ಲ. ಆದ್ದರಿಂದ ಪ್ರತಿಯೊಬ್ಬ ರೈತನ ಮನ ಒಲಿಸಿ ಗದ್ದೆಯನ್ನು ಉಳಿಸುತ್ತೇವೆಂಬ ನಮ್ಮ ಪರಿಸರ ಸಂಘಟನೆಗಳ ಪ್ರಯತ್ನಗಳು, ನಾನೂ ಪಾಲ್ಗೊಂಡವುಗಳು, ತಪ್ಪು ಜಾಗದಲ್ಲಿ ಆರಂಭವಾಗಿದ್ದವು. ಉಳಿಸಬೇಕಾದ ಘಟಕ ಹಿಡುವಳಿಯಲ್ಲ, ಬಯಲು.

ಗದ್ದೆಯ ಜೊತೆಗೆ ಏನೇನು ಹೋಯಿತೆಂಬುದನ್ನು ವಿದ್ಯಾರ್ಥಿ ಮಿತ್ರರು ಗಮನಿಸಬೇಕು. ಭತ್ತವಿಲ್ಲದ ಮೇಲೆ ಹುಲ್ಲಿಲ್ಲ. ಬಯಲುಸೀಮೆಯಿಂದ ಲಾರಿಯಲ್ಲಿ ಹುಲ್ಲು ತರಿಸಿ ದನ ಸಾಕುವುದು ಎಷ್ಟು ಮನೆಗೆ ಸಾಧ್ಯ? ಕೊಟ್ಟಿಗೆ ಬರಿದಾಯಿತು, ಗೊಬ್ಬರ ಹೋಯಿತು. ಉತ್ತರ ಕನ್ನಡದ ಹಳೆಯ ತೋಟಗಳಿಗೆ ಬ್ರಿಟಿಷರ ಕಾಲದಿಂದಲೂ ಎಕರೆಗೆ 9 ಎಕರೆವರೆಗೆ ಸೊಪ್ಪಿನಬೆಟ್ಟದ ಹಕ್ಕಿದೆ. ಗದ್ದೆಯಲ್ಲಿ ಎದ್ದ ಹೊಸ ತೋಟಕ್ಕೆ ಹೊಸ ಬೆಟ್ಟ ಎಲ್ಲಿಂದ ಬರಬೇಕು? ಇದ್ದ ಬೆಟ್ಟದ ಸೊಪ್ಪೇ ಎರಡು ಪಾಲಾಗಬೇಕು, ಇಲ್ಲವೇ ಗೊಬ್ಬರದ ಚೀಲ ಬರಬೇಕು. 1983ರಲ್ಲಿ ಸಾಲ್ಕಣಿಯ ಜನರು ಮರವನ್ನು ಅಪ್ಪಿಕೊಂಡು ಕಾಡನ್ನು ಉಳಿಸಿದರು. ಅಂದು ಕೊಡಲಿ ಹಿಡಿದು ಬಂದವರು ಹೊರಗಿನವರಾಗಿದ್ದರು. ಬಯಲನ್ನು ಅಗೆದವರು ನಾವೇ. ಬಹುಶಃ ಅದಕ್ಕೇ ಈ ವಿಷಯದಲ್ಲಿ ಚಳವಳಿ ಹುಟ್ಟಲಿಲ್ಲ.

ಅಡಿಕೆಯಾದರೂ ನಂಬಿಕೆಗೆ ಅರ್ಹವೇ? ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ಹಳದಿ ಎಲೆ ರೋಗಕ್ಕೆ ತೋಟಗಳೇ ಬರಿದಾಗಿವೆ. 2022ರ ಹೊತ್ತಿಗೆ ಎಲೆಚುಕ್ಕೆ ರೋಗ ಮಲೆನಾಡಿನುದ್ದಕ್ಕೂ ಹಬ್ಬಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ನಾವು ಒಪ್ಪಲಿ, ಬಿಡಲಿ, ಮಾರುಕಟ್ಟೆಯ ಮೇಲೆ ಆ ಕತ್ತಿ ತೂಗುತ್ತಲೇ ಇದೆ.

ಇಲ್ಲಿ ಒಂದು ಮಾತನ್ನು ನ್ಯಾಯದ ದೃಷ್ಟಿಯಿಂದ ಸೇರಿಸಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು ಗೇಣಿಯ ಭತ್ತ ಅಳೆಯುವ ಕೊಳಗದ ಅಳತೆಯ ವಿಚಾರದಿಂದ. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. 1974ರ ಭೂಸುಧಾರಣೆಯ ಬಳಿಕ ಗದ್ದೆ ಉಳುವವರದಾಯಿತು. ಆದರೆ ತೋಟ ಮೊದಲಿನಿಂದಲೂ ಇದ್ದದ್ದು ಒಡೆಯರ ಕೈಯಲ್ಲಿ. ಗೇಣಿದಾರನ ಮಗ ಗದ್ದೆಯಲ್ಲಿ ಅಡಿಕೆ ನೆಟ್ಟರೆ, ತಲೆಮಾರುಗಳಿಂದ ಅಡಿಕೆ ಉಂಡ ನಮ್ಮಂಥವರು ಅವನಿಗೆ ಭತ್ತದ ಮಹಿಮೆ ಬೋಧಿಸುವುದು ಶೋಭಿಸದು. ಗದ್ದೆಯನ್ನು ಉಳಿಸುವ ಭಾರವನ್ನು ಗದ್ದೆಯಷ್ಟೇ ಇರುವವನ ತಲೆಯ ಮೇಲೆ ಹೊರಿಸಿದ ಯಾವ ಕಾರ್ಯಕ್ರಮವೂ ಗೆಲ್ಲಬಾರದು, ಗೆಲ್ಲುವುದೂ ಇಲ್ಲ.

ಕೂಡಿ ಬೆಳೆಯುವುದು ಹೇಗೆಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಶಿರಸಿಯಲ್ಲಿ ಹುಟ್ಟುವ ಅಘನಾಶಿನಿಯ ಜೊತೆಗೇ ಘಟ್ಟ ಇಳಿದರೆ ಸಾಕು. ಕುಮಟಾ ಬಳಿಯ ಅಳಿವೆಯಲ್ಲಿ ಮಾಣಿಕಟ್ಟಾದಂಥ ಊರುಗಳ ಗಜನಿ ಭೂಮಿಯಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಉಪ್ಪನ್ನು ತಾಳುವ, ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಮತ್ತೆ ತಲೆಯೆತ್ತುವ ತಳಿಯದು. ಗೊಬ್ಬರ ಬೇಡ, ಔಷಧಿ ಬೇಡ. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಒಳಬಿಟ್ಟು ಮೀನು, ಸಿಗಡಿ. ಇಡೀ ಗಜನಿಗೆ ಒಡ್ಡು ಒಂದೇ. ಅದು ಎಲ್ಲಿ ಒಡೆದರೂ ಎಲ್ಲರ ಬೆಳೆಯೂ ಹೋಗುತ್ತದೆ. ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಕೂಡಿಯೇ ನಿರ್ಧರಿಸಬೇಕು. 1990ರ ದಶಕದಲ್ಲಿ ಸಿಗಡಿಯ ಲಾಭದಾಸೆ ಅಲ್ಲಿಗೂ ಬಂತು, ಹಿಂದೆಯೇ ಸಿಗಡಿಯ ರೋಗವೂ ಬಂತು. ಅನೇಕ ಗಜನಿಗಳು ಪಾಳು ಬಿದ್ದವು. ಕಗ್ಗ ಎಲ್ಲಿ ಉಳಿದಿದೆಯೋ ಅಲ್ಲಿ ರೈತರು ಒಟ್ಟಾಗಿ ಉಳಿಸಿಕೊಂಡಿದ್ದಾರೆ. ಒಬ್ಬೊಬ್ಬನಾಗಿ ಅದನ್ನು ಬೆಳೆಯಲು ಸಾಧ್ಯವೇ ಇಲ್ಲ.

ಬೆಳೆದದ್ದನ್ನು ಊರೊಳಗೇ ಹಂಚಿಕೊಳ್ಳುವ ಪಾಠಕ್ಕೆ ಮಾತ್ರ ಸ್ವಲ್ಪ ದೂರ, ತೆಲಂಗಾಣದ ಜಹೀರಾಬಾದ್ ಸುತ್ತಲಿನ ಹಳ್ಳಿಗಳಿಗೆ ಹೋಗಬೇಕು. ಅಲ್ಲಿನ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು 1983ರಲ್ಲಿ ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, 2023ರಲ್ಲಿ ತೀರಿಕೊಂಡರು. 1990ರ ದಶಕದ ಮಧ್ಯದಲ್ಲಿ ಅಲ್ಲಿನ ದಲಿತ ಮಹಿಳೆಯರ ಸಂಘಗಳು ಒಂದು ಕೆಲಸ ಮಾಡಿದವು. ಪಾಳುಬಿದ್ದ ಹೊಲಗಳ ಒಡೆಯರಿಗೆ ಉಳುಮೆಗೆ, ಗೊಬ್ಬರಕ್ಕೆ ಸಾಲ ಕೊಟ್ಟವು. ಸಾಲ ತೀರಬೇಕಾದದ್ದು ಹಣದಲ್ಲಿ ಅಲ್ಲ, ಜೋಳದಲ್ಲಿ. ಆ ಜೋಳ ಊರಿನ ಧಾನ್ಯನಿಧಿಗೆ ಸೇರಿತು. ಯಾರು ಅತಿ ಬಡವರು, ಯಾರಿಗೆ ಎಷ್ಟು ಜೋಳ ಅಗ್ಗದ ದರದಲ್ಲಿ ಸಿಗಬೇಕು ಎಂಬುದನ್ನು ಊರವರೇ ಕುಳಿತು ಮನೆಮನೆಯ ಪಟ್ಟಿ ಮಾಡಿ ತೀರ್ಮಾನಿಸಿದರು. ಪಂಜಾಬಿನ ಅಕ್ಕಿ-ಗೋಧಿಗೆ ಕಾಯದೆ ತಮ್ಮ ನೆಲದ ಧಾನ್ಯದಿಂದಲೇ ಪಡಿತರ ನಡೆಸಬಹುದೆಂದು ಅಕ್ಷರ ಕಲಿಯದ ಹೆಂಗಸರು ತೋರಿಸಿಕೊಟ್ಟರು. ನೆಲ ಬೇರೆ, ಮಳೆ ಬೇರೆ. ಜೋಳದ ಸೀಮೆಯ ವ್ಯವಸ್ಥೆಯನ್ನು ಮಲೆನಾಡಿಗೆ ಹಾಗೆಯೇ ತರಲಾಗದು. ಆದರೆ ಸಾಲವನ್ನು ಧಾನ್ಯದಲ್ಲಿ ತೀರಿಸುವ ಕ್ರಮ ನಮ್ಮ ಅಜ್ಜಂದಿರಿಗೂ ಗೊತ್ತಿದ್ದದ್ದೇ.

ನಮ್ಮಲ್ಲಿಯೂ ಕೆಲಸ ನಡೆದೇ ಇಲ್ಲವೆಂದಲ್ಲ. ಶಿರಸಿಯ ವನಸ್ತ್ರೀ ಬಳಗ 2001ರಿಂದ ಹಿತ್ತಿಲಿನ ತರಕಾರಿ ಬೀಜಗಳನ್ನು ಹೆಂಗಸರ ಕೈಯಿಂದ ಕೈಗೆ ದಾಟಿಸುತ್ತ ಬಂದಿದೆ. ಜೋಯಿಡಾದ ಕುಣಬಿಯರು ತಮ್ಮ ಗೆಡ್ಡೆ-ಗೆಣಸುಗಳಿಗೇ ಒಂದು ಮೇಳ ನಡೆಸುತ್ತಾರೆ. ಹಲಸಿನ ಬೀಜ, ಕೆಸು, ಕಳಲೆ, ಸುವರ್ಣಗೆಡ್ಡೆ, ಒಂದೆಲಗದ ತಂಬುಳಿ: ಇವು ಮಳೆಗಾಲದ ಮೂರು ತಿಂಗಳನ್ನು ಪೇಟೆಯ ಹಂಗಿಲ್ಲದೆ ದಾಟಿಸುತ್ತಿದ್ದ ಆಹಾರ. ಇವುಗಳನ್ನು ಕಾಯ್ದವರು ಗಂಡಸರ ಸಭೆಗಳಲ್ಲಿ ಎಂದೂ ಮಾತನಾಡದ ಹೆಂಗಸರು. ಹಿತ್ತಿಲು ಇನ್ನೂ ಉಳಿದಿರುವುದು ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯದಿದ್ದುದರಿಂದ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಗದ್ದೆಗೆ ಕಾನೂನಿನ ಬಲ ಬೇಕೆನ್ನುವವರಿದ್ದಾರೆ. ಕೇರಳವು 2008ರಲ್ಲಿ ಭತ್ತದ ಗದ್ದೆ ಮತ್ತು ಜೌಗುಭೂಮಿಗಳ ಸಂರಕ್ಷಣೆಗೆ ಕಾಯಿದೆ ಮಾಡಿತು. 2020ರಲ್ಲಿ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿಯ ಗೌರವಧನವನ್ನೂ ಆರಂಭಿಸಿತು. ಮೊತ್ತ ಚಿಕ್ಕದು. ಆದರೂ ಗದ್ದೆ ನೀರನ್ನು ಇಂಗಿಸುತ್ತದೆ, ಅದಕ್ಕೆ ಸಮಾಜ ಬೆಲೆ ತೆರಬೇಕು ಎಂಬ ತತ್ತ್ವವನ್ನು ಒಂದು ಸರ್ಕಾರ ಒಪ್ಪಿದಂತಾಯಿತು. ನಮ್ಮ ರಾಜ್ಯ ಅದೇ 2020ರಲ್ಲಿ, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕಿದ್ದ 79ಎ, 79ಬಿ ಕಲಂಗಳ ತಡೆಯನ್ನೇ ತೆಗೆದುಹಾಕಿತು. ಯಾರನ್ನು ಕಾಯುತ್ತ ಕೂರುವುದು?

ಹಾಗಾಗಿ ಬಯಲಿನಿಂದಲೇ ಆರಂಭಿಸೋಣ. ಒಂದು ಬಯಲಿನ ಎಲ್ಲ ಮನೆಗಳವರು, ತೋಟವಾದವರೂ ಗದ್ದೆಯುಳ್ಳವರೂ, ಮಳೆಗೆ ಮುಂಚೆ ಒಮ್ಮೆ ಕೂರಬೇಕು. ಇನ್ನೂ ಅಗೆಯದ ಗದ್ದೆಗಳಲ್ಲಿ ಒತ್ತಾಗಿರುವ ಹತ್ತು ಎಕರೆಯನ್ನಾದರೂ ಗುರುತಿಸಿ, ಅದಕ್ಕೆ ಮೇಲಿನ ನೀರು ತಪ್ಪದಂತೆ ಬಸಿಗಾಲುವೆಗೆ ಅಡ್ಡಗಟ್ಟು ಹಾಕಬೇಕು. ಕಾವಲಿನ ಖರ್ಚನ್ನು ಅಡಿಕೆಯುಳ್ಳ ಮನೆಗಳೇ ಹೊರಬೇಕು. ಕೂಲಿಯನ್ನು ಗದ್ದೆಯವನ ಮೇಲೆ ಹಾಕಿದರೆ ಆ ಸಭೆ ಅಂದೇ ಮುಗಿದಂತೆ. ಬಂದ ಭತ್ತವನ್ನು ಬಯಲಿನ ಮನೆಗಳೇ ಪೇಟೆಯ ದರಕ್ಕಿಂತ ಕಡಿಮೆಯಿಲ್ಲದ ಬೆಲೆಗೆ ಕೊಳ್ಳಬೇಕು. ಅಡಿಕೆ ಮಾರಲು 1923ರಲ್ಲೇ ಸಹಕಾರಿ ಸಂಘ ಕಟ್ಟಿದ ಸೀಮೆಗೆ ನೂರು ಮೂಟೆ ಭತ್ತವನ್ನು ತನ್ನೊಳಗೇ ಹಂಚಿಕೊಳ್ಳುವುದು ಅಸಾಧ್ಯವೆಂದರೆ ನಂಬಲಾರೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ರಜೆಯಲ್ಲಿ ಊರಿಗೆ ಬಂದಾಗ ನಿಮ್ಮ ಬಯಲಿನ ನಕ್ಷೆ ಬರೆಯಿರಿ: ಯಾವ ಗದ್ದೆ ಯಾವಾಗ ತೋಟವಾಯಿತು, ನೀರು ಹಿಂದೆ ಹೇಗೆ ಇಳಿಯುತ್ತಿತ್ತು, ಯಾವ ತಳಿಯ ಹೆಸರು ಯಾರಿಗೆ ನೆನಪಿದೆ. ಅಜ್ಜಿಯರನ್ನು ಮೊದಲು ಕೇಳಿ. ಅವರ ಬಳಿ ಹೆಸರಷ್ಟೇ ಅಲ್ಲ, ಕೆಲವೊಮ್ಮೆ ಅಟ್ಟದ ಮೇಲಿನ ಸೋರೆಬುರುಡೆಯಲ್ಲಿ ಬೀಜವೂ ಸಿಗುತ್ತದೆ.

ನಮ್ಮ ಬಯಲಿನ ಮೇಲಿನ ತೋಟವನ್ನು ನಾನು ಕಡಿಯುವವನಲ್ಲ. ಹಾಗೆ ಹೇಳಿದರೆ ಅದು ಬೂಟಾಟಿಕೆಯಾದೀತು. ಕಾಲುವೆಗೆ ಅಡ್ಡಗಟ್ಟು ಹಾಕಿದ್ದೇವೆ. ಹಳ್ಳದ ಆಚೆ ಬೀಳುಬಿಟ್ಟಿದ್ದ ಮೂರು ಗದ್ದೆಗಳನ್ನು ಈ ಸಲ ಐದು ಮನೆಗಳವರು ಕೂಡಿ ನೆಡಲು ಒಪ್ಪಿದ್ದಾರೆ. ನೀರಿನ ಮಾತು ಹೇಳಿ ಹೋಗಿದ್ದ ಆ ಹಿರಿಯರು ಅಗೆ ಹಾಕುವ ಹೊಣೆ ಹೊತ್ತಿದ್ದಾರೆ. ಸ್ಥಳೀಯ ಭತ್ತದ ಬೀಜ ಬೇಕಾದ ಬಯಲಿನವರು ರೋಹಿಣಿ ಮಳೆಗೆ ಮೊದಲು ಬಳಗಕ್ಕೆ ತಿಳಿಸಬೇಕು. ಹಣ ಬೇಡ, ಒಂದು ಕೊಳಗ ಒಯ್ದವರು ಸುಗ್ಗಿಯಲ್ಲಿ ಎರಡು ಕೊಳಗ ತಂದು ಅಳೆಯಬೇಕು. ಅಳೆಯುವ ಕೊಳಗ ಒಯ್ದಾಗಿನದ್ದೇ ಆಗಿರುತ್ತದೆ.